ಐಸಿಯು ಊರ್ಮಿಳಾಬಾಯಿಯ ಹೊಟ್ಟೆಕಿಚ್ಚು

ಬೆಳಗಿನ ಆರು ಗಂಟೆ. ವಡೋದರಾದ ಗೋರ್ವಾದಲ್ಲಿ ಮೊದಲ ಶಿಫ್ಟಿನವರನ್ನು ತುಂಬಿಕೊಂಡ ಕಾರ್ಖಾನೆ ಬಸ್ಸುಗಳು ಹೊರಡುತ್ತಿವೆ. ಅಲ್ಲೇ ಇರುವ ಆಸ್ಪತ್ರೆಯೊಂದರ ಐಸಿಯುನಲ್ಲಿ, ಮೂರನೇ ಹಾಸಿಗೆಯ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು ಬಾಗಿ ನಿಂತಿದ್ದಾರೆ. ಹಾಸಿಗೆಯಲ್ಲಿರುವ ರೋಗಿಯ ಗಂಟಲಿಗೆ ಕೊಳವೆ ಹಾಕಿದೆ. ಉಸಿರಾಟ ಯಂತ್ರದ್ದು, ಮಾತು ಬಂದ್. ಹೆಂಗಸು ಆತನ ತೋರುಬೆರಳನ್ನು ತನ್ನ ಅಂಗೈಗಳ ನಡುವೆ ಇಟ್ಟು ಗಸಗಸನೆ ಉಜ್ಜುತ್ತಾರೆ. ಆಮೇಲೆ ಟ್ಯಾಬ್ ಒಂದನ್ನು ಎರಡೂ ಕೈಯಲ್ಲಿ ಎತ್ತಿ ಆತನ ಎದೆಯ ಮೇಲ್ಗಡೆ ಹಿಡಿಯುತ್ತಾರೆ.

ಟ್ಯಾಬಿನ ಪರದೆಯ ಮೇಲೆ ಚಿತ್ರಗಳಿವೆ. ನೀರಿನ ಲೋಟ, ದಿಂಬು, ಫ್ಯಾನು, ನೋವಿನ ಮುಖ, ಮನೆಯವರು. ರೋಗಿಯ ಬೆರಳು ನಡುಗುತ್ತಾ ದಿಂಬಿನ ಮೇಲೆ ಕೂರುತ್ತದೆ. ತಕ್ಷಣ ಟ್ಯಾಬಿನೊಳಗಿಂದ ಒಂದು ಹೆಣ್ಣುದನಿ ಗುಜರಾತಿಯಲ್ಲಿ, ಬೆಲ್ಲದ ಪಾಕದ ಹಾಗೆ, ‘ನನ್ನನ್ನು ಮಗ್ಗುಲು ತಿರುಗಿಸಿ’ ಎನ್ನುತ್ತದೆ. ನರ್ಸ್ ಬರುತ್ತಾರೆ, ಇಬ್ಬರೂ ಸೇರಿ ತಿರುಗಿಸುತ್ತಾರೆ. ಹಾಯೆನಿಸಿದ ರೋಗಿ ಕಣ್ಣಲ್ಲೇ ನಗುತ್ತಾನೆ. ನಗು ಟ್ಯಾಬಿನ ಕಡೆಗೆ.

“ನೋಡಿದ್ರ್ಯಾ ಅಕ್ಕಾರ?” ಎನ್ನುತ್ತಾರೆ ಟ್ಯಾಬ್ ಹಿಡಿದವರು ನನ್ನ ಕಡೆ ತಿರುಗಿ, ಭುಜ ಒತ್ತಿಕೊಳ್ಳುತ್ತಾ. “ತೋಳ ನೋಯೂದು ನಂದು. ನಗಿ ಮಾತ್ರ ಆಕಿಗಿ.”

ಇವರು ಊರ್ಮಿಳಾ. ಗದಗ ಕಡೆಯವರು. ಗಂಡ ಭೀಮಸೇನ ಅವರಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿ ಗುಜರಾತಿಗೆ ಬಂದವರು. ಮಗಳು ಶಾಲೆಗೆ ಹೋಗುವಷ್ಟಾದಾಗ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದರು. ಬೆಡ್‌ಪ್ಯಾನ್, ಬಟ್ಟೆ, ಬೆನ್ನು ಒರೆಸುವುದು, ಹೆಣ ಇಳಿಸುವುದು ಎಲ್ಲ ಮಾಡಿದ್ದಾರೆ. ಈಗ ಎರಡು ವರ್ಷದಿಂದ ಐಸಿಯುನಲ್ಲಿ ಅವರ ಮುಖ್ಯ ಕೆಲಸ ಟ್ಯಾಬ್ ಹಿಡಿಯುವುದು. ಕೊಳವೆಯಿಂದಾಗಿ ಬಾಯಿ ಕಟ್ಟಿದವರಿಗೆ ಬೇಕುಬೇಡ ಹೇಳಲು ಆಸ್ಪತ್ರೆ ಮಾಡಿಕೊಂಡ ವ್ಯವಸ್ಥೆ ಇದು. ಸ್ಟ್ಯಾಂಡು ತರಿಸಿದ್ದರು, ಅದು ಹಾಸಿಗೆಯ ಕಂಬಿಗೆ ಕೂರಲಿಲ್ಲ. ಅಂದಿನಿಂದ ಊರ್ಮಿಳಾ ಅವರ ಕೈಗಳೇ ಸ್ಟ್ಯಾಂಡು.

ಅವರ ಬಗ್ಗೆ ಬರೆಯಬೇಕೆಂದು ನಾನು ಅಹಮದಾಬಾದಿನಿಂದ ರೈಲು ಹತ್ತಿ ಬಂದಾಗ ಅವರು ಮೊದಲು ಹಾಕಿದ ಷರತ್ತು ವಿಚಿತ್ರವಾಗಿತ್ತು. “ನೀವು ಪೇಪರಿನವ್ರು ನಮ್ಮಂಥವ್ರ ಬಗ್ಗೆ ಬರ್ದ್ರ, ‘ಪಾಪ, ಆಕಿಗಿ ಏನೂ ಆಸಿ ಇಲ್ಲ’ ಅಂತ ಬರೀತೀರಿ. ನನಗ ಐತ್ರಿ. ಹೊಟ್ಟಿಕಿಚ್ಚೂ ಐತಿ, ಭಾಳ ಐತಿ. ಅದನ್ನ ಬರಿಯೂದಿದ್ರ ಕುಂದರ್ರಿ, ಇಲ್ಲಂದ್ರ ಚಾ ಕುಡದ ಹೋಗ್ರಿ.”

ನಾನು ಕೂತೆ. ಎಲೆಮರೆಯ ಕಾಯಿ ಎಂದರೆ ಎಲೆಯ ಮೇಲೆ ಸಿಟ್ಟಿಲ್ಲದ ಕಾಯಿ ಎಂದು ನಾವು ಬರೆಯುವವರು ನಮ್ಮಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದೇವೆ. ಈ ಕಾಯಿಗೆ ಸಿಟ್ಟಿದೆ. ನನಗೆ ಅದೇ ಇಷ್ಟವಾಯಿತು.

ಮೊದಲ ಕಿಚ್ಚು ನಿಕಿತಾ ಎಂಬ ಹುಡುಗಿಯ ಮೇಲೆ. ಆಸ್ಪತ್ರೆಯ ಮುಂಬಾಗಿಲಲ್ಲಿ ಕೂರುವ ರಿಸೆಪ್ಷನಿಸ್ಟ್. ದನಿ ಚೆನ್ನಾಗಿದೆಯೆಂದು ಟ್ಯಾಬಿನ ಗುಜರಾತಿ ಮಾತುಗಳನ್ನೆಲ್ಲ ಅವಳಿಂದಲೇ ಹೇಳಿಸಿ ತುಂಬಿದ್ದಾರೆ. ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಅವಳು ಐಸಿಯು ಕಡೆ ತಲೆ ಹಾಕಿದ್ದು ಕಡಿಮೆ. ಆದರೆ ಗುಣವಾಗಿ ಹೊರಟವರೆಲ್ಲ ಕೇಳುವುದು ಒಂದೇ: “ಆ ಅವಾಜ್‌ವಾಳಾ ಬೇನ್ ಕ್ಯಾಂ ಛೆ?” ಈ ದನಿಯ ಅಕ್ಕ ಎಲ್ಲಿ?

ಸೂರತ್ತಿನ ಕತಾರ್‌ಗಾಮ್‌ನ ವಜ್ರ ಪಾಲಿಶ್ ಮಾಡುವವನೊಬ್ಬ ಹೆದ್ದಾರಿಯಲ್ಲಿ ಅಪಘಾತವಾಗಿ ಇಲ್ಲಿ ತಿಂಗಳುಗಟ್ಟಲೆ ಮಲಗಿದ್ದ. ಊರ್ಮಿಳಾ ಅವನ ಬೆರಳು ಉಜ್ಜಿದ್ದಕ್ಕೆ ಲೆಕ್ಕವಿಲ್ಲ. ತಣ್ಣಗಾಗಿ ಒಣಗಿದ ಬೆರಳನ್ನು ಟ್ಯಾಬಿನ ಗಾಜು ಎಷ್ಟೋ ಸಲ ಗುರುತಿಸುವುದಿಲ್ಲ, ಬಿಸಿ ಮಾಡಿ ಸ್ವಲ್ಪ ಒದ್ದೆ ಹತ್ತಿ ಸವರಿದರೆ ಗುರುತಿಸುತ್ತದೆ. ಅವನು ಗುಣವಾಗಿ ಊರಿಗೆ ಹೋದ. ಚಂಡೀ ಪಡ್ವೊ ಹಬ್ಬಕ್ಕೆ ಅವನ ಹೆಂಡತಿ ಸೂರತ್ತಿನಿಂದ ತುಪ್ಪ ಸುರಿದ ಘಾರಿ ಎಂಬ ಸಿಹಿ ತಂದಳು. ಡಬ್ಬಿ ಸೀದಾ ರಿಸೆಪ್ಷನ್ನಿಗೆ ಹೋಯಿತು.

“ಒಂದ ತುಂಡ ನನಗೂ ಬಂತ್ರಿ, ಇಲ್ಲ ಅನ್ನೂದಿಲ್ಲ. ನಿಕಿತಾನ ಕೊಟ್ಲು. ಅದ ಇನ್ನಷ್ಟ ಉರೀತು. ನನಗ ಬರಬೇಕಾದ್ದನ್ನ ಆಕಿ ನನಗ ದಾನ ಮಾಡಿಧಂಗ ಆತು.” ದುಡಿದವರು ಒಬ್ಬರು, ಉಂಡವರು ಇನ್ನೊಬ್ಬರು ಎಂಬ ಮಾತನ್ನು ನಾನು ಹೇಳಹೋದೆ. ಅವರು ತಡೆದರು. “ಉಣ್ಲಿ ಬಿಡ್ರಿ. ತಿಂಡಿಗಲ್ಲ ನನ್ನ ಜಗಳ.”

ಹಾಗಾದರೆ ಯಾವುದಕ್ಕೆ? ಅದನ್ನವರು ಮುಚ್ಚಿಡುವುದಿಲ್ಲ. ಈ ಟ್ಯಾಬಿನೊಳಗೆ ತಮ್ಮ ದನಿಯೂ ಹೋಗಬೇಕು. ಬೇಕಾದ್ದು ಅಷ್ಟೇ. ತಾನು ಹಿಡಿದದ್ದು ತನ್ನ ದನಿಯಲ್ಲಿ ಮಾತಾಡಬೇಕು, ಗುಣವಾದವರು ‘ಆ ದನಿ ಯಾರದು’ ಎಂದು ಹುಡುಕಿಕೊಂಡು ಬರಬೇಕು. ಗುಜರಾತಿಯಲ್ಲಿ ಆಸೆ ಇಟ್ಟುಕೊಳ್ಳಲಿಲ್ಲ, ಅವರ ಗುಜರಾತಿಗೆ ಗದಗಿನ ಒಗ್ಗರಣೆ ಹೆಚ್ಚು. ಕನ್ನಡಕ್ಕೆ ಅವಕಾಶ ಬರುತ್ತದೆಂದು ಅವರು ಕನಸಲ್ಲೂ ನೆನೆದಿರಲಿಲ್ಲ. ಈ ಮಳೆಗಾಲದಲ್ಲಿ ಬಂತು.

ರಾಮಚಂದ್ರ ಎಂಬವರನ್ನು ನ್ಯುಮೋನಿಯಾ ಕೆಟ್ಟು ತಂದು ಮಲಗಿಸಿದರು. ತುಮಕೂರು ಜಿಲ್ಲೆಯವರು, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಇದ್ದು ನಿವೃತ್ತರಾಗಿ ವಡೋದರಾದಲ್ಲೇ ಮಗಳು ಅರ್ಚಿತಾ ಜೊತೆ ಇರುವವರು. ಕೊಳವೆ ಹಾಕಿದ ಮೇಲೆ ಎಚ್ಚರ ಬಂತು, ಆದರೆ ಟ್ಯಾಬಿನಲ್ಲಿ ಗುಜರಾತಿ ಒತ್ತಿದರೂ ಇಂಗ್ಲಿಷ್ ಒತ್ತಿದರೂ ಅವರು ಮುಖ ತಿರುಗಿಸುತ್ತಿದ್ದರು. ಕಾಯಿಲೆಯ ಗೊಂದಲದಲ್ಲಿ ಕೆಲವರಿಗೆ ಹೀಗಾಗುತ್ತದೆ, ಮನೆಮಾತು ಕೇಳಿಸಿದರೆ ಒಳ್ಳೆಯದು ಎಂದರು ಐಸಿಯುವಿನ ಹಿರಿಯ ಡಾಕ್ಟರಮ್ಮ. ಕನ್ನಡ ಬಲ್ಲವರು ಯಾರಾದರೂ ಸಿಗುತ್ತಾರೆಯೇ ಎಂದು ಅರ್ಚಿತಾಳನ್ನು ಕೇಳಿದರು.

ಹಾಗೆ ಕೇಳುವಾಗ ಊರ್ಮಿಳಾ ಅವರಿಬ್ಬರ ನಡುವೆಯೇ ನಿಂತಿದ್ದರು, ಕೈಯಲ್ಲಿ ಟ್ಯಾಬ್ ಹಿಡಿದು. ಹಿತ್ತಲ ಗಿಡ ಮದ್ದಲ್ಲ.

“ಕೆಮ್ಮಿದೆ ಅಕ್ಕಾರ. ಆದ್ರೂ ನೋಡ್ಲಿಲ್ಲ. ಆಮ್ಯಾಲ ನಾನ ಬಾಯಿ ಬಿಟ್ಟ ಕೇಳಿದೆ, ಮೇಡಂ, ನನಗ ಕನ್ನಡ ಬರ್ತದ, ನಾನ ಹೇಳ್ಲೇನು ಅಂತ.”

ಡಾಕ್ಟರಮ್ಮ ಒಳ್ಳೆಯವರು, ಕೂಡಲೇ ಒಪ್ಪಿ ಮೊಬೈಲಿನಲ್ಲಿ ನಾಲ್ಕು ಮಾತು ಹೇಳಿಸಿ ಅರ್ಚಿತಾಳಿಗೆ ಕೇಳಿಸಿದರು. ಅರ್ಚಿತಾ ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲಿ. ಅವಳ ಕನ್ನಡ ಅಪ್ಪನಿಂದ ಬಂದದ್ದು, ಅದೂ ಅರ್ಧ. ಊರ್ಮಿಳಾ ಅವರ ದನಿ ಸ್ವಲ್ಪ ಒಡಕು, ಮಾತು ಬಿರುಸು. ‘ನನಗ ನೀರ ಬೇಕ್ರೀ’ ಎಂದದ್ದನ್ನು ಎರಡು ಸಲ ಕೇಳಿ ಅವಳು ಹಿಂಜರಿಯುತ್ತಲೇ ಅಂದಳಂತೆ, “ಆಂಟಿ, ಇದು ಕನ್ನಡಾನಾ? ಮರಾಠಿ ಥರ ಕೇಳ್ಸುತ್ತೆ.”

ಇದನ್ನು ಹೇಳುವಾಗ ಊರ್ಮಿಳಾ ನನ್ನ ಮುಖ ನೋಡಲಿಲ್ಲ. ಮೂಗಿನ ತುದಿ ಕೆಂಪಾಗಿತ್ತು.

ಕನ್ನಡ ಹೇಳಲು ಬಂದವರು ವಿಂಧ್ಯಾ. ಬ್ಯಾಂಕ್ ಮ್ಯಾನೇಜರರ ಹೆಂಡತಿ, ಮೈಸೂರಿನವರು, ಇಲ್ಲಿನ ಕನ್ನಡಿಗರ ರಾಜ್ಯೋತ್ಸವದಲ್ಲಿ ನಿರೂಪಣೆ ಅವರದೇ. ರೇಷ್ಮೆ ಸೀರೆಯುಟ್ಟು ಬಂದು, ಬಾಗಿಲು ಹಾಕಿಕೊಂಡು ಓದಿ ಹೋದರು. ‘ದಯವಿಟ್ಟು ನನಗೆ ಕುಡಿಯಲು ನೀರು ಕೊಡಿ.’ ‘ದಯವಿಟ್ಟು ನನ್ನ ದಿಂಬನ್ನು ಸರಿಪಡಿಸಿ.’ ನಾನು ಆ ದನಿ ಕೇಳಿದ್ದೇನೆ. ಸುಳ್ಳು ಹೇಳಬಾರದು, ಚೆನ್ನಾಗಿದೆ. ಊರ್ಮಿಳಾ ಅವರೂ ಹಾಗೇ ಹೇಳುತ್ತಾರೆ. “ಕೆಟ್ಟದಿದ್ರ ಬೈದು ಸುಮ್ಮನಾಗ್ತಿದ್ದೆ. ಛಲೋ ಐತಿ. ಅದಕ್ಕ ನಿದ್ದಿ ಬರಲಿಲ್ಲ.”

ಕಿಚ್ಚು ತಲೆಗೇರಿದಾಗ ಮನುಷ್ಯ ಒಂದು ತಪ್ಪು ಮಾಡುತ್ತಾನಲ್ಲ, ಊರ್ಮಿಳಾ ಅವರೂ ಮಾಡಿದರು. ವಿಂಧ್ಯಾ ಅವರ ದನಿ ಹೊತ್ತ ಟ್ಯಾಬನ್ನು ಕೌಂಟರಿನಲ್ಲೇ ಬಿಟ್ಟು ರಾಮಚಂದ್ರ ಅವರ ಬಳಿ ಬರಿಗೈಲಿ ಹೋಗತೊಡಗಿದರು. ಎದುರಿಗೆ ಕನ್ನಡದ ಮನುಷ್ಯ ಮಲಗಿರುವಾಗ ನಡುವೆ ಆ ಪೆಟ್ಟಿಗೆ ಯಾಕೆ ಎಂಬುದು ಅವರ ವಾದ. ನೀರು ಬೇಕಾ ಕಾಕಾರ, ಸೆಕೆ ಆಗೈತೇನು, ಎಂದು ತಾವೇ ಕೇಳಿ, ತಾವೇ ಉತ್ತರ ಹೇಳಿ, ತಾವೇ ಮಾಡಿದರು. ಅಲ್ಲಿಗೆ ನಿಲ್ಲಲಿಲ್ಲ. ಊರು ಬಿಟ್ಟು ದೂರವಿದ್ದವರಿಗೆ ಈ ಕಾಯಿಲೆ ಗೊತ್ತು. ಕನ್ನಡದವರೊಬ್ಬರು ಕೈಗೆ ಸಿಕ್ಕರೆ ಬಸ್ಸು ತಪ್ಪಿದರೂ ಬಿಡುವುದಿಲ್ಲ. ಇಲ್ಲಿ ಸಿಕ್ಕವರಿಗೆ ಎದ್ದು ಹೋಗುವ ಅನುಕೂಲವೂ ಇಲ್ಲ.

“ಏನೇನ ಹೇಳಿದ್ನೋ! ಇಲ್ಲೀ ಜ್ವಾಳದ ಹಿಟ್ಟ ರೊಟ್ಟಿ-ಮುಟಗಿಗಿ ಬರೂದಿಲ್ಲ ಅಂತ, ನಮ್ಮವ್ವನ ಮೊಳಕಾಲ ನೋವು, ಮಗಳ ಮದವಿ, ನಿಕಿತಾನ ಘಾರಿ, ಎಲ್ಲಾ. ಮನ್ಯಾಗ ಕನ್ನಡ ಮಾತಾಡಾಕ ಇರಾವ್ರು ಒಬ್ಬರ, ನಮ್ಮ ಯಜಮಾನ್ರು. ಅವ್ರು ‘ಹೂಂ’ ಅಂದ್ರ ಅದ ಅವತ್ತಿನ ಭಾಷಣ. ಕಾಕಾರು ಕಣ್ಣ ಮುಚ್ಚತಿದ್ರು. ಹಿತ ಆಗೈತಿ ಅಂದ್ಕೊಂಡೆ.”

ಹಿತವಾಗಿರಲಿಲ್ಲ. ಒಂದು ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರಮ್ಮ, ಇವರ ಮುಂದೆ ಟ್ಯಾಬ್ ಯಾಕೆ ಹಿಡಿಯುತ್ತಿಲ್ಲ ಎಂದು ಗದರಿದರು. ಊರ್ಮಿಳಾ ತಂದು, ಬೆರಳು ಬಿಸಿ ಮಾಡಿ, ಹಿಡಿದರು. ರಾಮಚಂದ್ರರ ಬೆರಳು ನೀರಿನ ಕಡೆ ಹೋಗಲಿಲ್ಲ, ಫ್ಯಾನಿನ ಕಡೆ ಹೋಗಲಿಲ್ಲ. ಮೂಲೆಯಲ್ಲಿದ್ದ ಮುಚ್ಚಿದ ಬಾಗಿಲಿನ ಚಿತ್ರಕ್ಕೆ ನೆಟ್ಟಗೆ ಹೋಯಿತು. ವಿಂಧ್ಯಾ ಅವರ ದನಿ ಸ್ಪಷ್ಟವಾಗಿ ಹೇಳಿತು: ‘ದಯವಿಟ್ಟು ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಿರಲು ಬಿಡಿ.’

ಅವರು ಮತ್ತೆ ಒತ್ತಿದರು. ಮತ್ತೆ ಒತ್ತಿದರು.

ಇಡೀ ಐಸಿಯುನಲ್ಲಿ ಆ ಮಾತು ಅರ್ಥವಾದದ್ದು ಒಬ್ಬರಿಗೆ. ಡಾಕ್ಟರಮ್ಮ, “ಕ್ಯಾ ಬೋಲ್ ರಹೇ ಹೈಂ?” ಎಂದು ಕೇಳಿದರು. ಊರ್ಮಿಳಾ ನಿಂತಲ್ಲೇ ಹಿಂದಿಗೆ ತಿರುಗಿಸಿ ಹೇಳಬೇಕಾಯಿತು. ಆಮೇಲೆ ಚಾದರಗಳನ್ನು ಇಡುವ ಕೋಣೆಗೆ ಹೋಗಿ ಅತ್ತರು.

“ಕಾಕಾರ ಬಾಯಿಲೆ ಬೈದಿದ್ರ ನುಂಗತಿದ್ದೆ. ಹಿರಿಯಾರು. ಆದ್ರ ಆಕಿ ದನಿಲೆ ಅಂದ್ರಲ್ರಿ! ಅದೂ ‘ದಯವಿಟ್ಟು’ ಅಂತ! ನನಗ ಏನ ಅನಸ್ತು ಅಂದ್ರ, ಆ ವಿಂಧ್ಯಾ ಮೇಡಂ ಮೈಸೂರ ಸೀರಿ ಉಟ್ಕೊಂಡ ಬಂದು ನನ್ನ ಬಾಯಿಮ್ಯಾಲ ಕೈ ಇಟ್ಟಂಗ ಆತು.”

ಮರುದಿನ ಅವರು ಐಸಿಯುವಿನ ಆ ಸಾಲು ಬೇಡವೆಂದು ಕೇಳಿ ಎದುರು ಸಾಲಿಗೆ ಹೋದರು. ರಾಮಚಂದ್ರರ ಮುಂದೆ ಟ್ಯಾಬ್ ಹಿಡಿಯಲು ಬೇರೆ ಆಯಾ ಬಂದಳು. ನಾಲ್ಕು ಹೆಜ್ಜೆ ಆಚೆಗಿದ್ದ ಆ ಹಾಸಿಗೆಯ ಕಡೆ ಊರ್ಮಿಳಾ ಕತ್ತು ತಿರುಗಿಸಲಿಲ್ಲ. ವಿಂಧ್ಯಾ ಅವರ ದನಿ ಕೇಳಿಸಿದಾಗೆಲ್ಲ ಬೆನ್ನು ಹಾಕಿ ನಿಲ್ಲುತ್ತಿದ್ದರಂತೆ. ಎತ್ತರದ ಹೆಂಗಸು, ಗಟ್ಟಿ ಬೆನ್ನು. ಆ ಬೆನ್ನು ಹೇಗೆ ಕಂಡಿರಬಹುದೆಂದು ನಾನು ಊಹಿಸಬಲ್ಲೆ.

ನಡುವೆ ನನ್ನದೊಂದು ಮಾತು ಇದೆ, ಅದನ್ನೂ ಹೇಳಿಬಿಡುತ್ತೇನೆ. ಊರ್ಮಿಳಾ ಅವರ ಜೊತೆ ಚಹಾಕ್ಕೆಂದು ಕ್ಯಾಂಟೀನಿಗೆ ನಡೆದು ಹೋದಾಗ ವಾಚ್‌ಮನ್, ಲಿಫ್ಟಿನವನು, ಬಟ್ಟೆ ಒಗೆಯುವವನು ಎಲ್ಲರೂ “ಊರ್ಮಿಳಾಬೇನ್, ಕೇಮ್ ಛೋ?” ಎಂದು ಕ್ಷೇಮ ವಿಚಾರಿಸಿದರು. ನಾನು ಬೋಡಕ್‌ದೇವ್‌ನ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ನಮ್ಮವರ ಇನ್ಶುರೆನ್ಸ್ ಆಫೀಸಿನವರಿಗೆ ನಾನು ಭಾಭಿ, ಕಟ್ಟಡದವರಿಗೆ ನಾಲ್ಕನೇ ಮಹಡಿಯ ಬೇನ್. ಹೆಸರು ಹಿಡಿದು ಕೂಗುವವರು ಕೊರಿಯರಿನವರು ಮಾತ್ರ, ಅದೂ ತಪ್ಪಾಗಿ. ಆ ಕಾರಿಡಾರಿನಲ್ಲಿ ನಡೆಯುತ್ತಾ ನನಗೂ ಹೊಟ್ಟೆ ಉರಿಯಿತು. ಇಷ್ಟೆಲ್ಲ ಇರುವ ಹೆಂಗಸಿಗೆ ಇನ್ನೂ ಏನು ಬೇಕು ಅನ್ನಿಸಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಊರ್ಮಿಳಾ ಎದುರು ಸಾಲಿಗೆ ಹೋದ ಎರಡನೇ ದಿನ ಮಧ್ಯಾಹ್ನ ರಾಮಚಂದ್ರರು ಒಂದೇ ಚಿತ್ರ ಒತ್ತಲು ಹಿಡಿದರು. ಕೈ ಬೀಸಿ ಕರೆಯುವ ಮನುಷ್ಯನ ಚಿತ್ರ. ‘ದಯವಿಟ್ಟು ಕರೆಯಿರಿ.’ ನರ್ಸ್ ಬಂದರು, ಅವರು ತಲೆಯಾಡಿಸಿ ಬೇಡವೆಂದರು. ಡಾಕ್ಟರಮ್ಮ ಬಂದರು, ಬೇಡ. ಆಫೀಸಿನಿಂದ ಅರ್ಚಿತಾಳನ್ನು ಕರೆಸಿದರು, ಅವಳು ಓಡಿ ಬಂದಳು. ಅಪ್ಪ ಮಗಳ ಕೈ ಹಿಡಿದುಕೊಂಡರು, ಆದರೂ ತಲೆಯಾಡಿಸಿದರು. ಟ್ಯಾಬ್ ಕರೆಯಿರಿ ಎನ್ನುತ್ತದೆ, ಯಾರನ್ನು ಎನ್ನುವುದಿಲ್ಲ. ಅರ್ಚಿತಾಳಿಗೆ ಅಳು ಬಂತು.

ಆಗ ರಾಮಚಂದ್ರರು ಬಲಗೈಯ ತೋರುಬೆರಳನ್ನು ಎಡಗೈಯ ಅಂಗೈಯಲ್ಲಿ ಇಟ್ಟು ಮೆಲ್ಲಗೆ ಉಜ್ಜಿ ತೋರಿಸಿದರು. ಹೊಸ ಆಯಾ ನಕ್ಕುಬಿಟ್ಟಳು. “ಅರೆ, ಊರ್ಮಿಳಾಬೇನ್!”

“ಹೋದೆ. ಬಾಯಿ ಹೊಲಕೊಂಡ ನಿಂತೆ. ಬೆರಳ ಉಜ್ಜಿದೆ, ಟ್ಯಾಬ ಹಿಡದೆ. ಒಂದ ಮಾತ ಆಡ್ಲಿಲ್ಲ. ಅವ್ರು ಏನೂ ಒತ್ತಲಿಲ್ಲ. ನೋಡಿದ್ರ ನನ್ನ ಕೈಯಾಗ ಬೆರಳ ಹಂಗ ಬಿಟ್ಟು ನಿದ್ದಿ ಹೋಗಿದ್ರು.”

ರಾಮಚಂದ್ರ ಈಗ ವಾರ್ಡಿನಲ್ಲಿದ್ದಾರೆ. ಗಂಟಲ ಕೊಳವೆಗೆ ಮಾತಾಡಲು ಆಗುವಂಥ ಮುಚ್ಚಳ ಹಾಕಿದ್ದಾರೆ, ದನಿ ತೆಳ್ಳಗೆ ಬರುತ್ತದೆ. ಮೊದಲಿಂದಲೂ ಮಿತಭಾಷಿ ಎಂದಳು ಅರ್ಚಿತಾ. ನಾನು ಊರ್ಮಿಳಾ ಅವರ ಬಗ್ಗೆ ಕೇಳಿದೆ.

“ತುಂಬಾ ಮಾತಾಡ್ತಾರೆ,” ಎಂದು ಉಸಿರು ತೆಗೆದುಕೊಂಡರು. “ಅವರ ಅತ್ತೆ ಮನೆ ಕತೆಯೆಲ್ಲ ನಂಗೊತ್ತು. ಸಾಕಾಗಿಹೋಗಿತ್ತು ಕಣಮ್ಮ. ಆದ್ರೆ ಇನ್ನೊಬ್ಬಳು ಟ್ಯಾಬ್ ಹಿಡಿದ್ರೆ ಎಷ್ಟು ಒತ್ತಿದ್ರೂ ಕೇಳ್ತಿರಲಿಲ್ಲ. ಅವಳು ಗಾಜು ಒರೆಸ್ತಿದ್ಲು. ಇವರು ನನ್ನ ಬೆರಳು ಒರೆಸ್ತಿದ್ರು.” ಇನ್ನೊಂದು ಉಸಿರು. “ಅದರಲ್ಲಿ ಫ್ಯಾನಿಗೂ ಒಂದು ಬಟನ್ ಇದೆ. ಇವರಿಗೂ ಒಂದು ಇಡಿ ಅಂತ ಡಾಕ್ಟರ್‌ಗೆ ಹೇಳ್ದೆ.”

ಡಾಕ್ಟರಮ್ಮ ಒಪ್ಪಿದರು. ಹೊಸ ಬಟನ್ನಿಗೆ ಊರ್ಮಿಳಾ ಅವರ ಫೋಟೋ ತೆಗೆದರು, ನೀಲಿ ಸಮವಸ್ತ್ರದಲ್ಲಿ, ಹೂವು ಮುಡಿದು. ಐಸಿಯುನಲ್ಲಿ ಹೂವಿಗೆ ಅನುಮತಿ ಇಲ್ಲ, ಹೊರಗೆ ನಿಂತು ತೆಗೆಸಿಕೊಂಡರು. ಆಮೇಲೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಹಿಂದೆ ಊರ್ಮಿಳಾ ಅವರ ದನಿ ಬೇಡವಾದದ್ದು ಅವರ ಮನಸ್ಸಿನಲ್ಲಿ ಉಳಿದಿರಬೇಕು. ಈ ಒಂದು ಬಟನ್ನಿಗೆ ದನಿ ನಿಮ್ಮದೇ ಇರಲಿ, ಗುಜರಾತಿಯಲ್ಲೂ ಕನ್ನಡದಲ್ಲೂ ನೀವೇ ಹೇಳಿಬಿಡಿ ಊರ್ಮಿಳಾಬೇನ್, ಎಂದರು.

ಎರಡು ವರ್ಷದಿಂದ ಕಾದದ್ದು ಕೈಗೆ ಬಂದು ನಿಂತಿತು. ಊರ್ಮಿಳಾ ಒಂದು ರಾತ್ರಿ ಟೈಮು ಕೇಳಿದರು. ಮರುದಿನ ಹೋಗಿ ಬೇಡವೆಂದರು.

ನಾನು ಈ ಲೇಖನಕ್ಕೆಂದು ಬಂದದ್ದು ಆ ದಿನವೇ. ಆ ಬಟನ್ನಿಗೆ ದನಿ ಕೊಡಲು ವಿಂಧ್ಯಾ ಮತ್ತು ನಿಕಿತಾ ಇಬ್ಬರನ್ನೂ ಕರೆಸಿದ್ದರು. ಊರ್ಮಿಳಾ ಬಾಗಿಲ ಗಾಜಿನಾಚೆ ನಿಂತಿದ್ದರು, ಡ್ಯೂಟಿ ಮುಗಿದಿದ್ದರೂ ಮನೆಗೆ ಹೋಗಿರಲಿಲ್ಲ. ಮೊದಲು ನಿಕಿತಾ ಹೇಳಿದಳು: ‘ಊರ್ಮಿಳಾಬೇನ್‌ನೆ ಬೋಲಾವೋ.’ ಆಮೇಲೆ ವಿಂಧ್ಯಾ: ‘ಊರ್ಮಿಳಾ ಅವರನ್ನು ಕರೆಯಿರಿ.’

ಗಾಜಿನ ಮೇಲೆ ಟಕಟಕ ಸದ್ದು. ಊರ್ಮಿಳಾ ಬಾಗಿಲು ತೆರೆದು ತಲೆ ಹಾಕಿದರು.

“ಮೇಡಂ, ಎಲ್ಲಾದಕ್ಕೂ ದಯವಿಟ್ಟು ಐತಿ. ದಿಂಬಿಗೂ ಐತಿ. ಇದಕ್ಕ ಯಾಕ ಬಿಟ್ರಿ?”

ವಿಂಧ್ಯಾ ನಕ್ಕು, “ಅಯ್ಯೋ, ಮರೆತೇಹೋಯ್ತು ಕಣ್ರೀ, ಸಾರಿ,” ಎಂದು ಮತ್ತೆ ಹೇಳಿದರು. ‘ದಯವಿಟ್ಟು ಊರ್ಮಿಳಾ ಅವರನ್ನು ಕರೆಯಿರಿ.’ ಹೊರಡುವಾಗ ಅವರು ನನ್ನ ಬಳಿ ನಿಂತು ಸಣ್ಣಗೆ ಕೇಳಿದರು: “ಪೇಪರಲ್ಲಿ ಬರ್ತಿರೋದು ಅವರ ಬಗ್ಗೆನಾ? ಒಬ್ಬರ ಬಗ್ಗೆ ಮಾತ್ರನಾ?” ಹೌದೆಂದೆ. “ಒಳ್ಳೇದು, ಒಳ್ಳೇದು,” ಎಂದು ಸೆರಗು ಸರಿಮಾಡಿಕೊಂಡು ಹೋದರು.

ಅವರು ಲಿಫ್ಟಿಗೆ ಹೋಗುವ ತನಕ ಕಾದು ನಾನು ಊರ್ಮಿಳಾ ಅವರನ್ನು ಕೇಳಿದೆ, ಇಷ್ಟು ಆಸೆಪಟ್ಟದ್ದನ್ನು ಕೈಯಾರೆ ಬಿಟ್ಟಿರಲ್ಲ, ಯಾಕೆ?

“ನನ್ನ ಹೆಸರ ಹಿಡದು ನಾನ ಕೂಗೂದು ಏನ ಛಂದ್ರಿ? ಅವ್ರ ಕೂಗ್ಲಿ. ದಿನಾ ಕೂಗ್ಲಿ.” ತೋಳು ಒತ್ತಿಕೊಂಡರು. ಮುಖದಲ್ಲಿ ಒಂದು ನಗು ಬಂತು, ಅದರಲ್ಲಿ ಒಳ್ಳೆಯತನ ಅಷ್ಟಾಗಿ ಇರಲಿಲ್ಲ.

“ಹೊಟ್ಟಿಕಿಚ್ಚ ಹೋತೇನು ಅಂತ ಕೇಳಬ್ಯಾಡ್ರಿ ಅಕ್ಕಾರ. ಹೋಗಿಲ್ಲ. ಆದ್ರ ಇಷ್ಟ ದಿನ ನನಗೊಬ್ಬಾಕಿಗೇ ಇತ್ತು. ಇವತ್ತ ಅವರಿಬ್ಬರಿಗೂ ಒಂದೀಟ ಹತ್ತೇತಿ.”